ಕನಕಾಂಬರದ ಬಣ್ಣ

ಮೂಡಿಗೆರೆಯ ಒಂದು ಸ್ಟುಡಿಯೋದಲ್ಲಿ ಭೂತಯ್ಯ ಕಪ್ಪು-ಬಿಳುಪು ಫೋಟೋಗಳಿಗೆ ಕೈಯಲ್ಲಿ ಬಣ್ಣ ತುಂಬುತ್ತಿದ್ದ. ಬರುತ್ತಿದ್ದದ್ದೆಲ್ಲ ಸತ್ತವರ ಫೋಟೋಗಳೇ. ಬದುಕಿದ್ದವರು ಆ ಹೊತ್ತಿಗೆ ಕಲರ್ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬಣ್ಣದ ಪುಡಿಯನ್ನು ನೀರಿನಲ್ಲೇ ಕಲಸಬೇಕು, ತೆಳ್ಳಗೆ ಏಳೆಂಟು ಸಲ ಹಚ್ಚಬೇಕು ಎಂದು ಕೆಲಸ ಕಲಿಸಿದವರು ಹೇಳಿದ್ದರು. ಯಾಕೆಂದು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ತೊಂಬತ್ತಾರರ ಆಷಾಢದಲ್ಲಿ ಜಾವಳಿ ಕಡೆಯ ಎಸ್ಟೇಟಿನಲ್ಲಿ ಕೆಲಸ ಮಾಡುವ ದೇವೀರಮ್ಮ ಬಂದಳು. ಮಗಳು ಗಿರಿಜೆ ಹಿಂದಿನ ವರ್ಷ ಜ್ವರದಲ್ಲಿ ತೀರಿಹೋಗಿದ್ದಳು. ಉಳಿದಿದ್ದದ್ದು ಒಂದೇ ಫೋಟೋ. ನೆಗೆಟಿವ್ ಬೂಷ್ಟು ಹಿಡಿದು ಹಾಳಾಗಿತ್ತು. ಹುಡುಗಿಯ ಜಡೆಯಲ್ಲಿದ್ದ ಕನಕಾಂಬರದ ದಂಡೆ ಬೂದಿಯ ಬಣ್ಣಕ್ಕೆ ಕಾಣುತ್ತಿತ್ತು. ಫೋಟೋ ತೆಗೆಸಿದ ದಿನ ಅದನ್ನು ಕಟ್ಟಿ ಮುಡಿಸಿದವಳು ತಾಯಿಯೇ. ಸೋಮವಾರ ಮಗಳಿಗೆ ವರ್ಷದ ಎಡೆ ಇಡಬೇಕು, ಅಷ್ಟರೊಳಗೆ ಹೂವಿಗೆ ಹೂವಿನ ಬಣ್ಣ ಬಂದರೆ ಸಾಕು, ಬೇರೇನೂ ಬೇಡ ಎಂದಳು.

ವಾರದಿಂದ ಬಿಸಿಲೇ ಇರಲಿಲ್ಲ. ನೀರಿನ ಬಣ್ಣ ಒಂದು ಕೈ ಹಚ್ಚಿದರೆ ಆರಲು ಎರಡು ದಿನ ಬೇಕಿತ್ತು. ಭೂತಯ್ಯ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ, ಹಿಡಿತಕ್ಕೆಂದು ಮರಕ್ಕೆ ಹಚ್ಚುವ ಪಾಲಿಶ್ ಎರಡು ತೊಟ್ಟು ಬಿಟ್ಟ. ನೀರಿನಲ್ಲಿ ಮಂಕಾಗಿರುತ್ತಿದ್ದ ಪುಡಿ ಸ್ಪಿರಿಟ್‌ನಲ್ಲಿ ಕೆಂಡದ ಹಾಗೆ ಒಳಗಿಂದಲೇ ಹೊಳೆಯಿತು. ಹಚ್ಚಿದ್ದು ನೋಡುನೋಡುತ್ತಲೇ ಆರಿತು. ದೇವೀರಮ್ಮ ಬಹಳ ಹೊತ್ತು ನೋಡಿ, ತಾನು ಕಟ್ಟಿದ ದಂಡೆಯೇ ಎಂದು ಕಣ್ಣೊರೆಸಿಕೊಂಡು ಹೋದಳು.

ದೀಪಾವಳಿ ಕಳೆದು ಮತ್ತೆ ಬಂದಳು.

“ಭೂತಯ್ಯಣ್ಣ, ಗಿಡದ ಹೂವು ಬಾಡೋದು ನೋಡಿದೀನಿ. ಫೋಟೋದ ಹೂವೂ ಬಾಡತ್ತೇನು?”

ದಂಡೆ ಮತ್ತೆ ಬೂದಿಯಾಗಿತ್ತು. ಎಲ್ಲಿ ತೂಗುಹಾಕಿದ್ದೆ ಎಂದು ಕೇಳಿದ. ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಥಂಡಿ ಏರದ ಗೋಡೆ ಒಂದೇ, ಬಾಗಿಲಿನ ಎದುರಿನದು, ಮಳೆ ಬಿಟ್ಟಾಗಿನಿಂದ ದಿನವೂ ಅದರ ಮೇಲೆ ಬಿಸಿಲು ಎಂದಳು. ಪರೀಕ್ಷೆ ಮಾಡಿ ಹೇಳುತ್ತೇನೆ, ಅಲ್ಲಿಯವರೆಗೆ ಬೆಳಕು ಬೀಳದ ಹಾಗೆ ಬಟ್ಟೆ ಸುತ್ತಿ ಟ್ರಂಕಿನಲ್ಲಿಡು ಎಂದು ಭೂತಯ್ಯ ಫೋಟೋವನ್ನು ಅವಳ ಕೈಗೇ ಕೊಟ್ಟ.

ಎರಡು ಗಾಜಿನ ಸೀಸೆಗಳಲ್ಲಿ ಒಂದೇ ಅಳತೆಯ ಪುಡಿ ಹಾಕಿ, ಒಂದಕ್ಕೆ ನೀರು, ಒಂದಕ್ಕೆ ಸ್ಪಿರಿಟ್ ಹೊಯ್ದು ಕಿಟಕಿಯಲ್ಲಿಟ್ಟ. ಅಷ್ಟು ಹೊಳೆಯುತ್ತಿದ್ದ ಸ್ಪಿರಿಟ್ ಸೀಸೆ ಶಿವರಾತ್ರಿಯ ಹೊತ್ತಿಗೆ ಕಡ್ಡಿಪುಡಿ ಕಲಸಿದ ನೀರಿನಂತಾಯಿತು. ನೀರಿನದು ಮಾಸಿತ್ತು, ಆದರೆ ಬಣ್ಣ ಬಿಟ್ಟಿರಲಿಲ್ಲ. ಬೆಳಕಿಗೆ ಹೆಚ್ಚು ಹೊಳೆದದ್ದನ್ನೇ ಬೆಳಕು ಮೊದಲು ತಿಂದಿತ್ತು. ಜೊತೆಗೆ ನೀರಿನ ಬಣ್ಣ ಕಾಗದದ ಮೇಲೆ ಚಿತ್ರ ಮೂಡಿರುವ ಪದರದೊಳಕ್ಕೆ ಇಳಿಯುತ್ತಿತ್ತು, ಸ್ಪಿರಿಟ್ಟಿನದು ಮೇಲೇ ಕೂರುತ್ತಿತ್ತು. ಕಲಿಸಿದವರ ಮಾತಿನ ಕಾರಣ ಅವತ್ತು ತಿಳಿಯಿತು.

ಬಾ ಎಂದು ಹೇಳಿ ಕಳಿಸಿದ. ದೇವೀರಮ್ಮನಿಗೆ ಕಾಫಿ ಕೊಯ್ಲು ಮುಗಿದ ಮೇಲೆ ಮೆಣಸಿನ ಕೊಯ್ಲು, ಅದು ಮುಗಿಯುವಾಗ ಮಳೆ ಹಿಡಿಯಿತು. ಅವಳು ಬಂದದ್ದು ಮರುವರ್ಷದ ಎಡೆಗೆ ವಾರವಿರುವಾಗ. ಟ್ರಂಕಿನೊಳಗೆ ಫೋಟೋದ ಮೇಲೆ ಬಿಳೀ ಬೂಷ್ಟು ಹತ್ತಿಯಂತೆ ಹಬ್ಬಿತ್ತು.

ಭೂತಯ್ಯ ಬೂಷ್ಟು ಒರೆಸಿ, ಮೂಲೆಗೊಂದು ಹನಿ ನೀರು ತಾಗಿಸಿದ. ಬೂಷ್ಟು ತಿಂದಿದ್ದ ಚಿತ್ರದ ಪದರ ಹಾಲಿನ ಕೆನೆಯಂತೆ ಎದ್ದುಬಂತು. ಕುಂಚ ಕೆಳಗಿಟ್ಟ.

“ನೀರು ಹಚ್ಚಿದ್ರೆ ಮಗಳೇ ಎದ್ದು ಬರ್ತಾಳೆ ಮಾರಾಯ್ತಿ. ಸ್ಪಿರಿಟ್ ಹಚ್ಚಿದ್ರೆ ಹೂವು ನಿಲ್ಲಲ್ಲ. ಟ್ರಂಕಲ್ಲಿಡು ಅಂದಿದ್ದು ನಾನೇ.”

ಅವಳು ಬಯ್ಯಲಿಲ್ಲ. ಎಡೆಯ ದಿನಕ್ಕಾದರೂ ಹೂವು ಇರಲಿ ಎಂದಳು. ಅವನು ಸ್ಪಿರಿಟ್ಟನ್ನೇ ಹಚ್ಚಿದ. ಅಲ್ಲಿಂದ ಪ್ರತಿ ಆಷಾಢಕ್ಕೂ ಅದೇ ಆಯಿತು. ಹೊಸದು ಹಚ್ಚುವ ಮೊದಲು ಹಳೆಯ ಪಾಲಿಶ್ ಒರೆಸುವಾಗಲೆಲ್ಲ ಹತ್ತಿಯ ಉಂಡೆಯಲ್ಲಿ ಚಿತ್ರದ ಒಂದಿಷ್ಟು ಕಪ್ಪೂ ಬರುತ್ತಿತ್ತು. ಮೊದಲು ಕಿವಿ ಅಳಿಯಿತು, ಆಮೇಲೆ ಕೆನ್ನೆ. ಎರಡು ಸಾವಿರದ ಒಂದರಲ್ಲಿ ಫೋಟೋವನ್ನು ಕಿಟಕಿಗೆ ಹಿಡಿದು ನೋಡಿದ. ಜಡೆಯಿದ್ದಲ್ಲಿ ಬರೀ ಕಾಗದವಿತ್ತು.

“ಹೂವು ಎಲ್ಲಿ ಮುಡಿಸ್ಲಿ ದೇವೀರಮ್ಮ? ಜಡೆಯೇ ಇಲ್ಲ.”

“ಎಲ್ಲಿತ್ತು ಅಂತ ನಂಗೆ ಗೊತ್ತಲ್ಲ. ತೋರಿಸ್ತೀನಿ,” ಎಂದು ಅವಳು ಕಾಗದದ ಮೇಲೆ ಬೆರಳಿಟ್ಟಳು.

ಭೂತಯ್ಯ ಕುಂಚ ಎತ್ತಿದ. ಬಣ್ಣ ಹಿಡಿಯಲು ಅಲ್ಲೇನೂ ಇರಲಿಲ್ಲ, ಹನಿ ಹರಡಿ ಕಲೆಯಾಯಿತು. ದೇವೀರಮ್ಮ ಬೆರಳು ತೆಗೆದು, ಸೆರಗಿನಲ್ಲಿ ಒರೆಸಿಕೊಂಡು, ಫೋಟೋವನ್ನು ಅಲ್ಲೇ ಬಿಟ್ಟು ಎದ್ದಳು.