ಅವಳ ಅಕೌಂಟು ತೆಗೆದ ದಿನ

ಅವರೆಕಾಳು ಹಿದುಕುತ್ತಾ ಕೂತಿದ್ದೆ. ಹಿಂದಿನ ದಿನ ನೆನೆಹಾಕಿದ್ದ ಕಾಳು ಚೆನ್ನಾಗಿ ಉಬ್ಬಿತ್ತು. ಬೆರಳ ತುದಿಯಲ್ಲಿ ಒತ್ತಿದರೆ ಸಾಕು, ಬೇಳೆ ಪುಳಕ್ಕನೆ ಪಾತ್ರೆಗೆ ಬೀಳುತ್ತಿತ್ತು. ಫೋನು ಪಕ್ಕದ ಮಣೆಯ ಮೇಲಿತ್ತು. ನಾಲ್ಕು ದಿನದಿಂದ ಎಲ್ಲಿಗೆ ಹೋದರೂ ಅದನ್ನು ಜೊತೆಗೇ ಒಯ್ಯುತ್ತಿದ್ದೆ, ದೇವರ ಮನೆಗೂ. ಮೈಸೂರಿನ ನಂಬರು ಕಂಡ ಕೂಡಲೇ ಸೆರಗಿನಲ್ಲಿ ಕೈ ಒರೆಸಿಕೊಳ್ಳದೆ ಎತ್ತಿಬಿಟ್ಟೆ.

ಡಿಸ್ಕುಗಳಿಂದ ಅಳಿಸಿಹೋದದ್ದನ್ನು ತೆಗೆದುಕೊಡುವ ಅಂಗಡಿಯವರು ಮಾತಾಡಿದರು. "ಅಮ್ಮಾ, ಎರಡೂ ಡಿಸ್ಕು ಪೂರ್ತಿ ಹುಡುಕಿದೆವು. ಫೈಲುಗಳ ಹೆಸರು ಸಿಕ್ಕಿದೆ. ಒಳಗೆ ಧ್ವನಿ ಇಲ್ಲ. ಅದರ ಮೇಲೆ ಬೇರೆ ವೀಡಿಯೊ ಬರೆದುಹೋಗಿದೆ." ಹೆಸರುಗಳನ್ನು ಓದಿ ಎಂದೆ. ಕತೆ ಒಂದು, ಕತೆ ಎರಡು ಎಂದು ಶುರುಮಾಡಿ ಹದಿನಾಲ್ಕರವರೆಗೆ ಓದಿದರು. ಪಾಪ, ಬೇಸರಪಟ್ಟುಕೊಳ್ಳದೆ ಓದಿದರು. ಆಯ್ತು ಸ್ವಾಮಿ ಎಂದು ಫೋನಿಟ್ಟೆ.

ಮಗು ಸ್ಕೂಲಿಗೆ ಹೋಗಿತ್ತು. ಆ ಸುದ್ದಿ ಬಂದಾಗ ಅವಳು ಮನೆಯಲ್ಲಿರಲಿಲ್ಲವಲ್ಲ ಎಂಬುದೇ ಆ ದಿನ ದೇವರು ತೋರಿದ ಮೊದಲ ದಯೆ ಎಂದುಕೊಂಡೆ.

ಅಳಿಸಿಹೋದದ್ದು ಆ ಮಗುವಿನ ತಾಯಿಯ ಧ್ವನಿ. ಅಳಿಸಿದವಳು ನಾನು.

ಅವಳು ನನ್ನ ನಾದಿನಿ, ನಮ್ಮ ಯಜಮಾನರ ಒಬ್ಬಳೇ ತಂಗಿ. ಗಂಡ ಬೇರೆ ಸಂಸಾರ ಮಾಡಿಕೊಂಡ ಮೇಲೆ ಮಗಳ ಕೈ ಹಿಡಿದು ಪಾಂಡವಪುರದ ಈ ಮನೆಗೆ ಬಂದಳು. ಕೆ.ಆರ್. ಪೇಟೆಯ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ನೆಟ್‌ವರ್ಕಿನ ಪಾಠ ಹೇಳುತ್ತಿದ್ದಳು. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆಗೆ ಬರುವಳು. ಕೇಂದ್ರದವರು ಬೇಡವೆಂದು ಮೂಲೆಗೆ ಹಾಕಿದ್ದ ಹಳೆಯ ಕಂಪ್ಯೂಟರೊಂದನ್ನು ಕೇಳಿ ತಂದು, ರಾಗಿ ಮೂಟೆ ಇಡುವ ಕೋಣೆಯಲ್ಲಿ ಒಂದು ಮೇಜಿನ ಮೇಲೆ ಕೂರಿಸಿದಳು. ಮನೆಯವರ ಫೈಲುಗಳನ್ನೆಲ್ಲ ಒಂದೇ ಕಡೆ ಇಡುವ ಅದೇ ನಮ್ಮ ಮನೆಯ ಸರ್ವರು.

ಆಮೇಲೆ ಅವಳ ಗಂಟಲಿಗೆ ಕಾಯಿಲೆ ಬಂತು. ಮೈಸೂರಿನ ಆಸ್ಪತ್ರೆಗೆ ತಿರುಗಾಡುವುದೇ ಆಯಿತು. ಕೆಲಸಕ್ಕೆ ಹೋಗುವುದು ನಿಂತಿತು. ಪಾಠ ಹೇಳದೆ ಕೂರಲಾರದವಳು, ಹೇಳಲು ಯಾರೂ ಸಿಗದೆ ನನ್ನನ್ನು ಹಿಡಿದಳು. ನಾನು ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿದವಳು. ನನ್ನ ತಲೆಗೆ ಹತ್ತುವುದಿಲ್ಲ ಬಿಡು ಎಂದೆ. ಅವಳು ಬಿಡಲಿಲ್ಲ. ಮಧ್ಯಾಹ್ನದ ಊಟವಾಗಿ ಪಾತ್ರೆ ತೊಳೆದ ಮೇಲೆ ಒಂದು ಗಂಟೆ ಪಾಠ. ಇಂಗ್ಲಿಷಿನ ಕಮಾಂಡುಗಳನ್ನು ಅಕ್ಷರ ಅಕ್ಷರ ಬಿಡಿಸಿ, ಅದೇನು ಮಾಡುತ್ತದೆ ಎಂದು ಕೆಳಗೆ ಕನ್ನಡದಲ್ಲಿ ಬರೆದು, ನನಗೆಂದೇ ಒಂದು ನೋಟ್‌ಬುಕ್ಕು ಮಾಡಿಕೊಟ್ಟಳು.

ನನ್ನ ತವರು ನಾಗಮಂಗಲದ ಕಡೆ. ಅದನ್ನೇ ಹಿಡಿದು ಹೇಳಿಕೊಟ್ಟಳು. "ಬೆಳ್ಳೂರು ಕ್ರಾಸು ಗೊತ್ತಲ್ವ ಅತ್ಗೆಮ್ಮ? ನಾಗಮಂಗ್ಲದಿಂದ ಬಂದೋರು ಅಲ್ಲಿಳ್ದು, ಆಸನಕ್ಕೋಗೋರು ಆ ಬಸ್ಸು, ಬೆಂಗ್ಳೂರ್ಗೋಗೋರು ಈ ಬಸ್ಸು ಇಡೀತಾರೆ. ಜನದ್ ಬದ್ಲು ಮಾಯ್ತಿ ತುಂಬಿದ್ ಪ್ಯಾಕೆಟ್ಟು, ರೂಟರ್ರು ಅಂದ್ರೆ ಅಷ್ಟೇಯ."

"ಅಂಗಾದ್ರೆ ನಿನ್ ಪ್ಯಾಕೆಟ್ಟುಗಳು ಅಲ್ಲಿ ಟೀ ಕುಡಿಯಾಕೂ ಇಳೀತವೇನೆ?"

"ಇಳೀತವೆ. ಅದ್ಕೇ ನಿಮ್ ಧಾರಾವಾಹಿ ನಡುವೆ ತಿರುಗ್ತಾ ನಿಂತ್ಕಳದು."

ನಕ್ಕಳು. ಆಗಲೇ ನಗುವಿಗೆ ಸದ್ದಿರಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು.

ಒಂದೊಂದು ಯಂತ್ರಕ್ಕೂ ಮನೆಯ ಬಾಗಿಲಿನ ನಂಬರಿನ ಹಾಗೆ ಒಂದು ವಿಳಾಸ ಇರುತ್ತದೆ, ಆ ವಿಳಾಸಕ್ಕೆ "ಇದೀಯಾ" ಎಂದು ಕೂಗಿದರೆ "ಇದೀನಿ" ಎಂದು ಉತ್ತರ ಬರುತ್ತದೆ ಎಂದು ಕಲಿತೆ. ಕೊಟ್ಟಿಗೆಗೆ ಕ್ಯಾಮರಾ ಹಾಕಿಸಿದಾಗ ಅದನ್ನು ಸರ್ವರಿಗೆ ಜೋಡಿಸಿದ್ದು ನಾನೇ. ಅವಳು ಪಕ್ಕದಲ್ಲಿ ಕೈಕಟ್ಟಿ ಕೂತಿದ್ದಳು, ಒಂದು ಕೀಲಿಯನ್ನೂ ಮುಟ್ಟಲಿಲ್ಲ. ರಾಗಿ ಕೋಣೆಯಿಂದ ಕೂಗಿದರೆ ಕೊಟ್ಟಿಗೆಯ ಕ್ಯಾಮರಾ ಸಾಲುಸಾಲಾಗಿ ಉತ್ತರ ಕೊಟ್ಟಿತು. ಹಗಲೂ ರಾತ್ರಿ ಹಸುಗಳ ಚಿತ್ರ ಸರ್ವರಿನಲ್ಲಿ ತುಂಬತೊಡಗಿತು. ಅಂದು ನಾನು ದೇವರ ಮನೆಯ ಚೆಲುವರಾಯಸ್ವಾಮಿಯ ಪಟಕ್ಕೆ ಒಂದು ಮೊಳ ಹೂವು ಹೆಚ್ಚಿಗೆ ಏರಿಸಿದೆ. ಯಜಮಾನರು ಮಾತ್ರ ಹಸುಗಳಿಗೆ ಇನ್ನು ಮೇಲೆ ಸ್ನೋ ಪೌಡರ್ ಬೇರೆ ತರಬೇಕು ಎಂದು ಒಂದು ವಾರ ಆಡಿಕೊಂಡರು.

ಡಾಕ್ಟರು ಆಪರೇಷನ್ ಆದ ಮೇಲೆ ಮಾತು ಬರುವುದು ಅನುಮಾನ ಎಂದರು. ಅವಳು ಅಳಲಿಲ್ಲ. ದಿನಾ ಮಧ್ಯಾಹ್ನ ರಾಗಿ ಕೋಣೆಯ ಬಾಗಿಲು ಹಾಕಿಕೊಂಡು ಮಗಳಿಗೆ ಒಂದೊಂದೇ ಕತೆ ಹೇಳಿ ರೆಕಾರ್ಡು ಮಾಡತೊಡಗಿದಳು. ಹದಿನಾಲ್ಕು ಆದವು. ಹದಿನೈದನೆಯದಕ್ಕೆ ಧ್ವನಿ ಏಳಲಿಲ್ಲ. ರೆಕಾರ್ಡು ಮಾಡಿದ ಲ್ಯಾಪ್‌ಟಾಪು ಕೇಂದ್ರದ್ದು. ಎಲ್ಲವನ್ನೂ ಸರ್ವರಿನಲ್ಲಿ ತನ್ನ ಫೋಲ್ಡರಿಗೆ ಹಾಕಿ, ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಅಳಿಸಿ ಹಿಂದಕ್ಕೆ ಕಳಿಸಿದಳು. ಮಗು ತಾನಾಗಿ ಕೇಳಿದಾಗ ಹಾಕಿ ಕೊಡಿ, ಅದಕ್ಕೆ ಮೊದಲು ಬೇಡ ಎಂದು ನನಗೆ ಚೀಟಿಯಲ್ಲಿ ಬರೆದು ತೋರಿಸಿದಳು. ಆಗಲಿ ಎಂದು ಅವಳ ಕೈಮೇಲೆ ಕೈಯಿಟ್ಟೆ.

ಆಪರೇಷನ್ ಆಯಿತು. ಮಾತು ಹೋಯಿತು. ಎರಡು ತಿಂಗಳಿಗೆ ಅವಳೂ ಹೋದಳು. ನರಳಾಡದೆ, ಬೆಳಗಿನ ಹೊತ್ತು, ಅಣ್ಣನ ತೊಡೆಯ ಮೇಲೆ ಹೋದಳು. ಅದೂ ಒಂದು ದಯೆ.

ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬಂದೆವು. ಹನ್ನೊಂದನೆಯ ದಿನದ ಕಾರ್ಯಕ್ಕೆ ಮೊದಲು ಮನೆ ತೊಳೆಯಬೇಕು. ಗಂಜಲ ಚಿಮುಕಿಸಿ, ಅವಳ ಚಾಪೆ, ದಿಂಬು, ಉಟ್ಟ ಬಟ್ಟೆಗಳನ್ನೆಲ್ಲ ಒಟ್ಟುಮಾಡಿದೆವು. ಯಜಮಾನರ ದೊಡ್ಡಮ್ಮ ಬಾಗಿಲಲ್ಲಿ ಕೂತು ಒಂದೊಂದನ್ನೂ ನೋಡುತ್ತಿದ್ದರು. "ವೋದವ್ಳ್ದು ಒಂದ್ ಎಳೇನೂ ಒಳಗೆ ಉಳೀಬಾರ್ದು ಕಣವ್ವ. ಇಲ್ಲೇ ಸುತ್ಕಂಡಿರ್ತದೆ ಜೀವ. ಬುಟ್ಕೊಡ್ಬೇಕು."

ಬಿಟ್ಟುಕೊಡಬೇಕು ಎಂಬುದು ನನ್ನ ಮನಸ್ಸಿಗೆ ನಾಟಿತು. ಅಷ್ಟು ಸಂಕಟಪಟ್ಟ ಜೀವ, ಹಗುರವಾಗಿ ಹೋಗಲಿ ಅನಿಸಿತು. ಆಗಲೇ ರಾಗಿ ಕೋಣೆಯ ಸರ್ವರು ನೆನಪಾಯಿತು. ಅದರಲ್ಲಿ ಅವಳ ಹೆಸರಿನ ಅಕೌಂಟು ಇನ್ನೂ ಹಾಗೇ ಇತ್ತು. ಅವಳೇ ಹೇಳಿಕೊಟ್ಟಿದ್ದಳು: ಕೆಲಸ ಬಿಟ್ಟು ಹೋದವರ ಅಕೌಂಟನ್ನು ಆವತ್ತೇ ತೆಗೆಯಬೇಕು, ಇಲ್ಲದಿದ್ದರೆ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ. ಅವಳ ಪಾಠಕ್ಕೂ ದೊಡ್ಡಮ್ಮನ ಮಾತಿಗೂ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ.

ತಲೆಸ್ನಾನ ಮಾಡಿ, ಒದ್ದೆ ಕೂದಲಿಗೆ ಗಂಟು ಹಾಕಿ ಅದರ ಮುಂದೆ ಕೂತೆ. ನೋಟ್‌ಬುಕ್ಕು ನೋಡಿಕೊಂಡು ಕಮಾಂಡು ಹೊಡೆದೆ. ಕೊನೆಗೆ ಒಂದು ಅಕ್ಷರ ಸೇರಿಸಿದರೆ ಅಕೌಂಟಿನ ಜೊತೆಗೆ ಆ ವ್ಯಕ್ತಿಯ ಫೋಲ್ಡರೂ ಹೋಗುತ್ತದೆ. ಸುಳ್ಳು ಹೆಸರಿನ ಅಕೌಂಟುಗಳನ್ನು ಹುಟ್ಟಿಸಿ ಅಳಿಸಿ ಅಭ್ಯಾಸ ಮಾಡುವಾಗ, ಕಸ ಉಳಿಯದಿರಲಿ ಎಂದು ಆ ಅಕ್ಷರ ಸೇರಿಸಿಯೇ ರೂಢಿ. ಕೈ ತಾನಾಗಿ ಸೇರಿಸಿತು. ಯಂತ್ರ "ಖಂಡಿತವಾ" ಎಂದು ಕೇಳಲಿಲ್ಲ. ಅಧಿಕಾರ ಇದ್ದವರು ಹೇಳಿದರೆ ಅದು ಎದುರು ಮಾತಾಡುವುದಿಲ್ಲ. ಕೈ ಮುಗಿದು, ಹೋಗಿ ಬಾರವ್ವ ಎಂದು ಎದ್ದೆ.

ಕತೆಗಳ ಯೋಚನೆ ಬರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಬಂತು. ಆದರೆ ಆ ಸರ್ವರಿನಲ್ಲಿ ಎರಡು ಡಿಸ್ಕು ಇವೆ, ಒಂದು ಸುಟ್ಟುಹೋದರೆ ಇನ್ನೊಂದು ನಡೆಸುತ್ತದೆ ಎಂದು ಅವಳು ಹೇಳಿದ್ದಳು. ಒಂದು ಕಣಜ ಖಾಲಿಯಾದರೆ ಇನ್ನೊಂದು ಕಣಜ ಇದ್ದೇ ಇರುತ್ತದೆ ಎಂದು ನಾನು ಅರ್ಥಮಾಡಿಕೊಂಡಿದ್ದೆ. ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಮೂಡುತ್ತದೆ, ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಮುಖ್ಯವಾದದ್ದರ ನಕಲನ್ನು ಬೇರೊಂದು ಕಡೆ ತೆಗೆದಿಡುವುದಕ್ಕೆ ಬ್ಯಾಕಪ್ ಎನ್ನುತ್ತಾರೆ. ನನ್ನ ನೋಟ್‌ಬುಕ್ಕಿನಲ್ಲಿ ಹದಿನೆಂಟನೆಯ ಪಾಠ ಅದು. ತಲೆಬರಹ ಬರೆದು ಕೆಳಗೆ ಗೆರೆ ಎಳೆದಿದ್ದಾಳೆ. ಉಳಿದ ಪುಟ ಖಾಲಿ.

ಆರು ವಾರ ಕಳೆಯಿತು. ಒಂದು ಭಾನುವಾರ ಮಗು ಜಡೆ ಹಾಕಿಸಿಕೊಳ್ಳುತ್ತಾ, ಹಿಂದಕ್ಕೆ ತಿರುಗದೆಯೇ ಕೇಳಿತು. "ಅತ್ತೆ, ಅವ್ವ ಕತೆ ಏಳಿಟ್ಟವ್ಳಲ್ಲ, ಅದ ಕೇಳ್ಬೇಕು."

ಇದೇ ಗಳಿಗೆಗಾಗಿ ಕಾಯುತ್ತಿದ್ದವಳು ನಾನು. ಜಡೆಯನ್ನು ಅರ್ಧಕ್ಕೇ ಬಿಟ್ಟು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಡುಕಿದೆ. ಎಲ್ಲ ಫೋಲ್ಡರಿನಲ್ಲೂ ಹುಡುಕಿದೆ. ಹಸುಗಳಿದ್ದವು. ಬೆಳಗಿನ ಹಸು, ಸಂಜೆಯ ಹಸು, ಮೆಲುಕು ಹಾಕುವ ಹಸು, ದಿನದಿನದ್ದೂ ತಾರೀಖು ಹಾಕಿ ಜೋಡಿಸಿಟ್ಟಿತ್ತು. ಯಂತ್ರ ಕೆಟ್ಟಿದೆ ಕಣವ್ವ, ರಿಪೇರಿ ಮಾಡಿಸೋಣ ಎಂದುಬಿಟ್ಟೆ. ದೇವರ ಮುಂದೆ ಎಷ್ಟು ಸಲ ತಪ್ಪೊಪ್ಪಿಕೊಂಡರೂ ಆ ಸುಳ್ಳಿನ ಭಾರ ಇಳಿದಿಲ್ಲ.

ಯಜಮಾನರಿಗೆ ಹೇಳಿದೆ. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಎದ್ದು ಹೋಗಿ ಎರಡೂ ಡಿಸ್ಕುಗಳನ್ನು ಬಿಚ್ಚಿ ಟವೆಲಿನಲ್ಲಿ ಸುತ್ತಿದರು. ಮೈಸೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅದನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡರು. ತಂಗಿಯ ಅಸ್ಥಿಯ ಕುಡಿಕೆಯನ್ನೂ ಹಾಗೆಯೇ ಹಿಡಿದು ಕೂತಿದ್ದರು. ನಾನು ಕೆಳಗೆ ನಿಂತು ನೋಡಿದೆ.

ಆ ಡಿಸ್ಕುಗಳದ್ದೇ ಸುದ್ದಿ ಅಂದು ಬಂದದ್ದು. ಅಳಿಸಿದ ಮೇಲೂ ಧ್ವನಿ ಸ್ವಲ್ಪ ದಿನ ಅಲ್ಲೇ ಎಲ್ಲೋ ಇತ್ತಂತೆ. ಕೂಡಲೇ ಯಂತ್ರವನ್ನು ನಿಲ್ಲಿಸಿದ್ದರೆ ತೆಗೆಯಬಹುದಿತ್ತಂತೆ. ಆರು ವಾರ ಹಗಲೂ ರಾತ್ರಿ ಅದರ ಮೇಲೆ ಹಸುಗಳ ಚಿತ್ರ ಬರೆಯುತ್ತಾ ಹೋಯಿತು. ನಾನು ಜೋಡಿಸಿದ ಕ್ಯಾಮರಾ ಒಂದು ದಿನವೂ ತಪ್ಪದೆ ಕೆಲಸ ಮಾಡಿತ್ತು.

ಫೋನಿಟ್ಟ ಮೇಲೆ ಹಿದುಕಿದ ಬೇಳೆಗೆ ಸಾರು ಮಾಡಿದೆ. ಯಜಮಾನರು ಊಟಕ್ಕೆ ಬಂದಾಗ ಹೇಳಿದೆ. "ಮಗೀಗೆ ನಾನೇಳ್ಲಾ?" ಎಂದರು. ಬೇಡ, ನಾನೇ ಹೇಳುತ್ತೇನೆ ಎಂದೆ. ಅವರು ಒತ್ತಾಯ ಮಾಡದೆ ಊಟ ಮುಗಿಸಿ ಗದ್ದೆಗೆ ಹೋದರು. ಉಣ್ಣುವಷ್ಟು ಉಂಡರಲ್ಲ, ಅದನ್ನೂ ದಯೆಯ ಲೆಕ್ಕಕ್ಕೆ ಸೇರಿಸಿಕೊಂಡೆ.

ಮಗು ಸ್ಕೂಲಿನಿಂದ ಬಂದು ಶೂ ಬಿಚ್ಚುತ್ತಿತ್ತು. ಒಂಬತ್ತು ವರ್ಷ, ಕೈಕಾಲು ತೊಳೆಸಿ ತಿಂಡಿ ಕೊಟ್ಟ ಮೇಲೆ ಹೇಳೋಣ ಎಂದುಕೊಂಡಿದ್ದೆ. ನನ್ನ ಮುಖ ನೋಡಿ ಅದೇ ಕೇಳಿತು, ರಿಪೇರಿ ಆಯಿತಾ ಎಂದು. ಜಗಲಿಯ ಮೇಲೆ ಪಕ್ಕದಲ್ಲಿ ಕೂತೆ. ಯಂತ್ರ ಕೆಟ್ಟಿರಲಿಲ್ಲ, ಸುಳ್ಳು ಹೇಳಿದ್ದೆ, ಅಳಿಸಿದ್ದು ನಾನು, ನಿಮ್ಮವ್ವ ಹಗುರಾಗಿ ಹೋಗಲಿ ಎಂದು ಹಾಗೆ ಮಾಡಿದೆ ಎಂದು ಒಂದನ್ನೂ ಬಚ್ಚಿಡದೆ ಹೇಳಿದೆ.

"ಎಲ್ಲಾನೂವಾ?"

"ಎಲ್ಲಾ ಕಣ್ಮಗ."

ಒಂದು ಶೂ ಕಾಲಲ್ಲಿ, ಒಂದು ಕೈಯಲ್ಲಿ. ಅದರ ಲೇಸನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇತ್ತು. ಆಮೇಲೆ ಕೇಳಿತು, "ಅವ್ಳು ನಮ್ಮವ್ವ ಅಲ್ವಾ. ನನ್ನ ಯಾಕೆ ಕೇಳ್ನಿಲ್ಲ ನೀವು?"

ಮನೆ ತೊಳೆದ ದಿನ ಅವಳನ್ನು ಅಡ್ಡ ಬರಬೇಡ ಎಂದು ಪಕ್ಕದ ಮನೆಗೆ ಕಳಿಸಿದ್ದೆವು. ಚಾಪೆ, ದಿಂಬು, ಬಟ್ಟೆ, ಯಾವುದಕ್ಕೂ ಅವಳನ್ನು ಕೇಳಿರಲಿಲ್ಲ. ಮಕ್ಕಳನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ತಪ್ಪಾಯಿತು ಕಣವ್ವ ಎಂದೆ. ನನಗೆ ಅಳು ಬಂತು, ಅವಳು ಅಳಲಿಲ್ಲ.

ಇನ್ನೊಂದು ಶೂ ಬಿಚ್ಚಿ ಎರಡನ್ನೂ ಗೋಡೆಗೆ ಒತ್ತಿ ಇಟ್ಟಿತು. ಬಾಗಿಲ ಹತ್ತಿರ ಹೋಗಿ ನಿಂತಿತು.

"ನಂಗೆ ಎಲ್ಡು ಕತೆ ಗೊತ್ತದೆ. ಎಲ್ಡು ಭಾನ್ವಾರ ಅವ್ವ ಬಾಗ್ಲಾಕ್ಕೊಂಡು ಏಳ್ತಿದ್ದಾಗ ಆಚೆ ಕೂತ್ಕಂಡು ಕೇಳಿಸ್ಕಂಡಿವ್ನಿ."

ಹೇಳು ಮಗ, ಬರೆದಿಟ್ಟುಕೊಳ್ಳೋಣ, ಮರೆತುಹೋಗುವ ಮೊದಲು ಬರೆದಿಟ್ಟುಕೊಳ್ಳೋಣ ಎಂದು ಎದ್ದೇಬಿಟ್ಟೆ.

"ನಿಮಗೆ ಏಳಾಕಿಲ್ಲ," ಎಂದಿತು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಒಳಗೆ ಹೋಗಿ ರೂಮಿನ ಬಾಗಿಲು ಮುಂದಕ್ಕೆ ಎಳೆದುಕೊಂಡಿತು, ಚಿಲಕ ಹಾಕಲಿಲ್ಲ.

ಎರಡು ಉಳಿದಿವೆ, ನನ್ನ ಕೈಗೆ ಸಿಗದ ಕಡೆ ಉಳಿದಿವೆ. ಹಾಗೆ ಇರುವುದೇ ಸರಿ ಎಂದು ಬುದ್ಧಿ ಒಪ್ಪಿತು, ಆಸೆ ಒಪ್ಪಲಿಲ್ಲ. ಸ್ವಾಮಿ, ಆ ಎರಡನ್ನಾದರೂ ಅವಳಿಂದ ಮರೆಸಬೇಡಪ್ಪ ಎಂದು ಬೇಡಿಕೊಂಡೆ. ನನಗೆಂದು ಏನೂ ಕೇಳಲಿಲ್ಲ. ಡೈರಿಗೆ ಹಾಲು ಹಾಕುವ ಹೊತ್ತಾಗಿತ್ತು, ಹಸು ಆಗಲೇ ಎರಡು ಸಲ ಕೂಗಿತ್ತು. ಬಿಸಿನೀರು ತೆಗೆದುಕೊಂಡು ಕೊಟ್ಟಿಗೆಗೆ ಹೋಗಿ, ಕರು ಬಿಟ್ಟು, ಕೆಚ್ಚಲು ತೊಳೆದು, ಬಕೆಟ್ಟು ಇಟ್ಟುಕೊಂಡು ಕರೆಯಲು ಕೂತೆ.