ಅಂಗೈಯ ಹಸಿ ಹಾಲು

ನನ್ನ ಮಾವನವರ ಜ್ವರಕ್ಕೆ ಒಂದು ವಾಸನೆಯಿತ್ತು, ನೆನೆದ ಹುಲ್ಲಿನ ವಾಸನೆ. ಸಂಜೆ ಏರಿ, ಬೆವರು ಬಿಡಿಸಿ, ಬೆಳಿಗ್ಗೆ ಇಳಿಯುತ್ತಿತ್ತು; ಕೆಲವು ದಿನ ಸುಮ್ಮನಿದ್ದು ಮತ್ತೆ ಹಾಜರು. ಅವರ ಹೊದಿಕೆ ಒಗೆಯುವಾಗ ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದೆ. ನಾನಾಗ ಬಸುರಿ, ಯಾವ ವಾಸನೆಯೂ ಆಗುತ್ತಿರಲಿಲ್ಲ.

ಕಡ್ಡಿರಾಂಪುರದ ನಮ್ಮ ಮನೆಯ ಹಿತ್ತಲಲ್ಲಿ ಒಂದು ಆಕಳಿತ್ತು. ಜ್ವರ ಶುರುವಾಗುವ ಮುಂಚೆ ಅದು ದಿನ ತುಂಬದೆ ಕಂದು ಹಾಕಿತ್ತು. ಸತ್ತ ಕರುವನ್ನು ಮಾವನವರೇ ಬರಿಗೈಯಲ್ಲಿ ಎತ್ತಿ ಹೂಳಿದ್ದರು. ಅದರ ಮೈಯ ಲೋಳೆ ಅವರ ಮೊಣಕೈವರೆಗೂ ಅಂಟಿತ್ತು. ಅದೇ ಆಕಳ ಹಸಿ ಹಾಲು ದಿನಾ ಮನೆಯ ಸಾಲಿಗ್ರಾಮಕ್ಕೆ ಅಭಿಷೇಕವಾಗಿ, ತೀರ್ಥವೆಂದು ನಮ್ಮ ಅಂಗೈಗೆ ಬರುತ್ತಿತ್ತು.

ಹೊಸಪೇಟೆಯ ಡಾಕ್ಟರು ಮಾವನವರ ರಕ್ತ ಪರೀಕ್ಷೆ ಮಾಡಿಸಿದರು. “ಆಕಳಿಂದ ಬಂದ ರೋಗಾಣುರೀ. ಜೀವಕೋಶದ ಒಳಗ ಹೊಕ್ಕು ಕುಂದರ್ತಾವ, ಅದೂ ಅವನ್ನ ನುಂಗಾಕ ಬಂದ ಕೋಶದಾಗೇ. ಗುಳಿಗಿ ನಡುವ ಬಿಡಬ್ಯಾಡ್ರಿ.” ನನ್ನ ಹೊಟ್ಟೆ ನೋಡಿ, “ನೀವು ಹಸಿ ಹಾಲು ಮುಟ್ಟಲೇಬ್ಯಾಡ್ರಿ. ಬಸಿರಿಗೆ ಅಪಾಯ” ಅಂದರು.

ನುಂಗಲು ಬಂದವನ ಹೊಟ್ಟೆಯಲ್ಲೇ ಸಂಸಾರ ಹೂಡುವ ಜೀವ. ಥೂ. ಅಕ್ಕಿಯ ಹುಳವಾದರೆ ಕಣ್ಣಿಗೆ ಕಾಣುತ್ತದೆ, ಆರಿಸಿ ಬಿಸಾಡಬಹುದು. ಇದನ್ನು ಎಲ್ಲಿಂದ ಆರಿಸುವುದು? ನನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿದರು, ಏನೂ ಸಿಗಲಿಲ್ಲ. ಆದರೂ ಮೈಯನ್ನೇ ಕಳಚಿ ಒಗೆದು ಹಾಕಬೇಕು ಅನ್ನಿಸುತ್ತಿತ್ತು.

“ಮಾವನೋರೇ, ಹಾಲು ಕಾಯಿಸಿ ಕೊಡ್ತೀನ್ರಿ” ಅಂದೆ.

“ಕಾಯಿಸಿದ್ದು ದೇವರಿಗೆ ಬರಂಗಿಲ್ಲಮ್ಮ. ಆತನ ಮ್ಯಾಲೆ ಬಿದ್ದ ಹಾಲಿಗೆ ಯಾವ ರೋಗ?”

ಮರುದಿನ ಪೂಜೆ ಮುಗಿಸಿ ಎಂದಿನಂತೆ ನನ್ನ ಅಂಗೈಗೆ ಹಾಲು ಹಾಕಿದರು. ಆಗಷ್ಟೇ ಕರೆದದ್ದು, ಇನ್ನೂ ಬೆಚ್ಚಗಿತ್ತು. ಅವರ ಎದುರಿಗೇ ನೆಲಕ್ಕೆ ಚೆಲ್ಲಿ, ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತಿಕ್ಕಿದೆ. ತೀರ್ಥ ಚೆಲ್ಲಿದ ಸೊಸೆ ಆ ಮನೆಯಲ್ಲಿ ನಾನೇ ಮೊದಲನೆಯವಳಿರಬೇಕು. ಅವರು ತಾವೇ ಬಟ್ಟೆ ತಂದು ನೆಲ ಒರೆಸಿದರು. ನನಗೆ ಸಿಟ್ಟು ಇಳಿದಿರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ.

ಅದರ ಮರುದಿನ ಸಾಲಿಗ್ರಾಮದ ಮುಂದೆ ಎರಡು ಬಟ್ಟಲಿದ್ದವು. ಒಂದರಿಂದ ನನ್ನ ಅಂಗೈಗೆ ತುಳಸಿ ನೀರು ಹಾಕಿದರು.

“ಕಾಯಿಸಿ ಆರಿಸೀನಿ, ಕುಡಿಯಮ್ಮ.”

ಇನ್ನೊಂದರಲ್ಲಿದ್ದ ಅಭಿಷೇಕದ ಹಸಿ ಹಾಲನ್ನು ತಾವು ಎತ್ತಿ ಕುಡಿದರು. “ಚೆಲ್ಲಾಕ ಬರಂಗಿಲ್ಲ. ನನ್ನೊಳಗ ಹೆಂಗೂ ಆ ರೋಗಾಣು ಅದಾವಲ್ಲ.”

ಒಂದು ಹನಿ ಅವರ ಗದ್ದದಿಂದ ಇಳಿಯಿತು. ಅಂಗೈಯ ನೀರನ್ನು ಹನಿ ಬಿಡದೆ ಕುಡಿದು, ಅದು ಹೊರಗೆ ಬರದಂತೆ ಬಾಯಿ ಬಿಗಿಹಿಡಿದು ನಿಂತೆ.