ಪ್ಯಾಕೇಜಿನ ಹೆಸರು ಬದಲಿಸಿದ ವಾರ

ಎನ್. ಬೇಗೂರಿನ ಕಾಡಂಚಿನ ಕ್ಯಾಮೆರಾಗೆ ಆನೆ ಕಂಡರೆ ಊರಿನವರ ಫೋನುಗಳಿಗೆ ಮೆಸೇಜು ಹೋಗುತ್ತಿತ್ತು. ಅದನ್ನು ನಡೆಸುವ ಜಾವಾ ಪ್ರೋಗ್ರಾಂ ನಾನೂ ಇನ್ನಿಬ್ಬರೂ ಬರೆದದ್ದು. ಯಾರು ಬೇಕಾದರೂ ಬಳಸಲಿ ಎಂದು ಮುಕ್ತವಾಗಿ ಇಟ್ಟಿದ್ದೆವು. ಎರಡು ವರ್ಷ ಅದು ಒಮ್ಮೆಯೂ ತಪ್ಪಲಿಲ್ಲ. ಜನ ಅಟ್ಟಣೆ ಹತ್ತಿ ರಾಗಿ ಕಾಯುವುದನ್ನೇ ಬಿಟ್ಟರು. ಫೋನು ಸುಮ್ಮನಿದ್ದರೆ ಆನೆ ಇಲ್ಲ ಎಂದೇ ಅರ್ಥ.

ಆ ವಾರ ಹುಣಸೂರಿನ ಮನೆಯಲ್ಲಿ ಕೂತು ನಾನು ಪ್ಯಾಕೇಜಿನ ಹೆಸರು ಬದಲಿಸಿದೆ. ಪ್ರೋಗ್ರಾಮಿನ ಒಂದೊಂದು ಭಾಗವೂ ಎಲ್ಲಿದೆ ಎಂದು ಹೇಳುವ ವಿಳಾಸ ಶುರುವಾಗುವುದೇ ಆ ಹೆಸರಿನಿಂದ. ಹಳೆಯದರಲ್ಲಿ ನಾನು ಓದಿದ ಕಾಲೇಜಿನ ಹೆಸರಿತ್ತು; ಕಾಲೇಜಿಗೂ ಇದಕ್ಕೂ ಈಗ ಸಂಬಂಧವಿರಲಿಲ್ಲ. ಬರೀ ಹೆಸರು ತಾನೇ ಎಂದು ಯಾರಿಗೂ ತಿಳಿಸದೆ, ಸಣ್ಣ ತಿದ್ದುಪಡಿಯ ಆವೃತ್ತಿಯಾಗಿ ಬಿಡುಗಡೆ ಮಾಡಿದೆ. ಸಣ್ಣ ಆವೃತ್ತಿಗಳನ್ನು ಬೇಗೂರಿನ ಕಂಪ್ಯೂಟರ್ ತಾನಾಗಿ ಹಾಕಿಕೊಳ್ಳುತ್ತಿತ್ತು. ಅಲ್ಲಿನ ಸೆಟ್ಟಿಂಗ್ ಫೈಲಿನಲ್ಲಿ ಮೆಸೇಜು ಕಳಿಸುವ ಭಾಗದ ಹಳೆಯ ವಿಳಾಸವೇ ಇತ್ತು. ಆ ವಿಳಾಸದಲ್ಲಿ ಏನೂ ಸಿಗದೆ ಪ್ರೋಗ್ರಾಂ ಸದ್ದಿಲ್ಲದೆ ಮುಂದಕ್ಕೆ ಹೋಯಿತು; ಮೆಸೇಜು ಹೋಗುವುದು ನಿಂತಿತು.

ಅದು ನನಗೆ ಗೊತ್ತಿರಲಿಲ್ಲ. ಶನಿವಾರ ಸಂಜೆ ಬೇಗೂರಿಗೆ ಹೋಗಿ, ಅಲ್ಲಿನ ಗೆಳೆಯನೊಬ್ಬನ ರಾಗಿ ಹೊಲದ ಬದುವಿನ ಮೇಲೆ ನಿಂತಿದ್ದೆ. ಅವನು ಪೈರಿನ ನಡುವೆ ಇದ್ದ.

"ಮುದ್ದೆ ತಿನ್ನಾಕ್ ಬಾ ಸುಗ್ಗಿಗೆ. ಎಂಗಾಗಿದ್ದೀಯ ನೋಡ್ಲಾ, ಗಾಳಿ ಬಂದ್ರೆ ಬೀಳ್ತೀಯ" ಎನ್ನುತ್ತಿದ್ದ.

ಅವನ ಹಿಂದೆ ಪೈರು ಸೀಳಿಕೊಂಡಿತು. ಒಂಟಿ ಆನೆ. ನಾನು ಕೂಗಬೇಕಿತ್ತು. ಕೂಗಲಿಲ್ಲ, ಜೇಬಿನಿಂದ ಫೋನು ತೆಗೆದು ನೋಡಿದೆ. ಪರದೆ ಖಾಲಿ. ಕ್ಷಣಕಾಲ ನಾನು ಆನೆಗಿಂತ ಆ ಪರದೆಯನ್ನೇ ನಂಬಿದೆ. ಈಗಲೂ ದಿನಕ್ಕೆ ಎಷ್ಟೋ ಸಲ ಅದೇ ಕ್ಷಣಕ್ಕೆ ಹಿಂತಿರುಗಿ ಹೋಗುತ್ತೇನೆ; ಒಮ್ಮೆಯೂ ಬಾಯಿ ತೆರೆಯಲು ಆಗುವುದಿಲ್ಲ.

ಸಪ್ಪಳ ಕೇಳಿ ಅವನೇ ತಿರುಗಿದ, ಓಡಿದ, ಆನೆ ತಡೆಯಲು ತೋಡಿದ್ದ ಕಂದಕಕ್ಕೆ ಹಾರಿದ. ಜೀವ ಉಳಿಯಿತು. ಎಡಗಾಲು ಎರಡು ಕಡೆ ಮುರಿಯಿತು.

ಮೆಸೇಜು ಏಕೆ ಬರಲಿಲ್ಲ ಎಂದು ಹುಡುಕಿ ಕಂಡುಕೊಂಡ ಮೇಲೆ, ಆಸ್ಪತ್ರೆಯಲ್ಲಿ ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ಕಟ್ಟು ಹಾಕಿದ ಕಾಲನ್ನು ದಿಂಬಿನ ಮೇಲೆ ಸರಿಸಿಕೊಂಡ.

"ಎಸ್ರು ಬದ್ಲಾಯಿಸ್ಕೋ, ಬ್ಯಾಡ ಅನ್ನಕಿಲ್ಲ. ಮುಂಚೆ ಒಂದ್ ಮಾತು ಏಳಕ್ ಆಯ್ತಿರ್ನಿಲ್ವಾ?"

ವಾಪಸ್ ಬಂದು ಯೋಜನೆಯ ನಿಯಮ ಬರೆದೆ. ಪ್ಯಾಕೇಜಿನ ಹೆಸರು ದೊಡ್ಡ ಆವೃತ್ತಿಯಲ್ಲಿ ಮಾತ್ರ ಬದಲಾಗಬೇಕು. ಅದಕ್ಕೂ ಹಿಂದಿನ ಆವೃತ್ತಿಯಲ್ಲೇ ಬಳಸುವವರಿಗೆ ತಿಳಿಸಬೇಕು, ಮತ್ತು ಹಳೆಯ ಹೆಸರೂ ಕೆಲಕಾಲ ಕೆಲಸ ಮಾಡುತ್ತಿರಬೇಕು. ಭಾಗ ಸಿಗದಿದ್ದರೆ ಪ್ರೋಗ್ರಾಂ ಅಲ್ಲೇ ನಿಂತು ದೋಷ ತೋರಿಸಬೇಕು. ಪರೀಕ್ಷೆಗೆಂದು ಮೊದಲೇ ಬಿಡುವ ಪ್ರಯೋಗದ ಆವೃತ್ತಿಗೂ ಇಷ್ಟೆಲ್ಲ ಬೇಕೇ ಎಂದು ಜೊತೆಯವರೊಬ್ಬರು ಕೇಳಿದರು. ಬೇಕು ಎಂದೆ. ಕಾರಣ ಬರೆಯಲು ಹೋಗಿ ಅಳಿಸಿದೆ.

ಮೆಸೇಜು ಈಗ ಸರಿಯಾಗಿ ಹೋಗುತ್ತಿದೆ. ಗೆಳೆಯನ ಕಾಲೂ ಕೂಡಿಕೊಂಡಿದೆ. ಆದರೂ ಹೊಲಕ್ಕೆ ಇಳಿಯುವ ಮೊದಲು ಅವನು ನನಗೆ ಫೋನು ಮಾಡುತ್ತಾನೆ. "ಏನೂ ಬಂದಿಲ್ಲ ಕಣ್ಲಾ. ದಿಟವೇನ್ಲಾ?"

ಇರು ಎಂದು ಹೇಳಿ, ಕಂಪ್ಯೂಟರ್ ತೆರೆದು ನೋಡುತ್ತೇನೆ. ಅಷ್ಟು ಹೊತ್ತೂ ಅವನು ಹೊಸ್ತಿಲಲ್ಲೇ ಕಾಯುತ್ತಾನೆ.